ಸೂಪರ್‌ಮ್ಯಾನ್ ಅಮೆರಿಕದ ಹನುಮಂತನೇ?

ಪ್ರಶ್ನೆ: ನನ್ನ ಮಗನಿಗೆ ಹನ್ನೊಂದು ವರ್ಷ. ಸೂಪರ್‌ಮ್ಯಾನ್, ಸ್ಪೈಡರ್‌ಮ್ಯಾನ್ ಅಂದರೆ ಪ್ರಾಣ. ಮೊನ್ನೆ ಊಟಕ್ಕೆ ಕೂತಾಗ ‘ಸೂಪರ್‌ಮ್ಯಾನ್ ಅಂದ್ರೆ ಅಮೆರಿಕದ ಹನುಮಂತ’ ಅಂದ. ನಮ್ಮ ಮಾವನವರಿಗೆ ಸಿಟ್ಟು ಬಂತು. ‘ದೇವರನ್ನೂ ಅಂಗಡಿಯಲ್ಲಿ ಮಾರೋ ಗೊಂಬೆಯನ್ನೂ ಒಂದೇ ತಕ್ಕಡಿಗೆ ಹಾಕಬೇಡ’ ಎಂದು ಗದರಿದರು. ಸೂಪರ್‌ಹೀರೋಗಳೇ ಈ ಕಾಲದ ಪುರಾಣ ಎಂಬ ಮಾತನ್ನು ನಾನೂ ಅಲ್ಲಲ್ಲಿ ಓದಿದ್ದೇನೆ. ಅದು ನಿಜವೇ? ಮಗನಿಗೆ ಏನು ಹೇಳಲಿ?
— ಒಬ್ಬ ಓದುಗರು, ಹಾಸನ

ಉತ್ತರ: ನಿಮ್ಮ ಮಗನಿಗೆ ಒಂದು ಸತ್ಯ ಕಂಡಿದೆ, ಮಾವನವರಿಗೆ ಇನ್ನೊಂದು. ಹುಡುಗ ನೋಡುತ್ತಿರುವುದು ಕಥೆ ಹೇಗಿದೆ ಎಂಬುದನ್ನು. ಹಿರಿಯರು ಕೇಳುತ್ತಿರುವುದು ಕಥೆ ಯಾರದ್ದು ಎಂದು. ನಾನು ಬಹುಕಾಲ ಜಾನಪದ ಕಲಿಸಿದವನು, ಮಾದಪ್ಪನ ಕಥೆ ಹಾಡುವ ಕಂಸಾಳೆಯವರ ಎದುರು ಕೂತು ಬೆಳಗು ಮಾಡಿದವನು. ಹುಡುಗನಾಗಿದ್ದಾಗ ಬಾಡಿಗೆ ಲೈಬ್ರರಿಯ ಕಾಮಿಕ್ಸ್‌ಗಳನ್ನು ಹರಿದುಹೋಗುವವರೆಗೂ ಓದಿದವನೂ ಹೌದು. ಎರಡೂ ಕಡೆ ಪ್ರೀತಿಯಿರುವುದರಿಂದ ಈ ಪ್ರಶ್ನೆ ನನ್ನದೂ ಆಗಿದೆ. ಮಾವನವರ ಪ್ರಶ್ನೆಯೇ ಹೆಚ್ಚು ಆಳದ್ದು ಎಂದು ನನಗೆ ತೋರುತ್ತದೆ. ಆದರೆ ಅಲ್ಲಿಗೆ ಹೋಗಲು ನಿಮ್ಮ ಮಗನ ದಾರಿಯಲ್ಲೇ ಹೋಗಬೇಕು.

ಪುರಾಣವನ್ನು ಅಳೆಯಲು ನಮ್ಮಲ್ಲೇ ಹಳೆಯ ಅಳತೆಗೋಲು ಇದೆ. ಅಮರಕೋಶ ಅದನ್ನು ‘ಪಂಚಲಕ್ಷಣ’ ಎನ್ನುತ್ತದೆ. ಸರ್ಗ ಎಂದರೆ ಸೃಷ್ಟಿ. ಪ್ರತಿಸರ್ಗ ಎಂದರೆ ಪ್ರಳಯವಾಗಿ ಮತ್ತೆ ಆಗುವ ಸೃಷ್ಟಿ. ವಂಶ ಎಂದರೆ ದೇವರು, ಋಷಿಗಳ ಪೀಳಿಗೆ, ಮನ್ವಂತರ ಎಂದರೆ ಒಬ್ಬೊಬ್ಬ ಮನುವಿನ ಕಾಲ, ವಂಶಾನುಚರಿತ ಎಂದರೆ ರಾಜವಂಶಗಳ ಕಥೆ. ಹದಿನೆಂಟು ಪುರಾಣಗಳೂ ಈ ಐದಕ್ಕೆ ಕಟ್ಟುಬಿದ್ದು ನಡೆದಿಲ್ಲ, ನಿಜ. ಆದರೂ ಈ ಕೋಲನ್ನು ಸೂಪರ್‌ಮ್ಯಾನ್ ಕಥೆಗಳನ್ನು ಪ್ರಕಟಿಸುವ ಡಿಸಿ ಕಂಪನಿಯ ಕಾಮಿಕ್ಸ್‌ಗೆ ಹಿಡಿದು ನೋಡಿ. 1961ರಲ್ಲಿ ಅವರ ಒಂದು ಕಥೆಯಲ್ಲಿ ಫ್ಲ್ಯಾಶ್ ಎಂಬ ವೀರ ತನ್ನದೇ ಹೆಸರಿನ ಹಳೆಯ ವೀರನನ್ನು ಭೇಟಿಯಾದ. ಹಳಬ ಇರುವುದು ಬೇರೊಂದು ಭೂಮಿಯಲ್ಲಿ ಎಂದು ಕಥೆ ಹೇಳಿತು. ಅಲ್ಲಿಂದ ಭೂಮಿಗಳು ಬೆಳೆದವು: ಒಂದರಲ್ಲಿ ಮುದುಕನಾದ ಸೂಪರ್‌ಮ್ಯಾನ್, ಇನ್ನೊಂದರಲ್ಲಿ ಒಳ್ಳೆಯವರೆಲ್ಲ ಕೆಟ್ಟವರು. ಕೊನೆಗೆ ಯಾವ ಲೋಕದಲ್ಲಿ ಯಾರಿದ್ದಾರೆ ಎಂಬ ಲೆಕ್ಕವೇ ತಪ್ಪಿ, 1985ರಲ್ಲಿ ಶುರುವಾದ ಹನ್ನೆರಡು ಸಂಚಿಕೆಗಳ ಒಂದು ಮಹಾಕಥೆಯಲ್ಲಿ ಲೋಕಗಳನ್ನೆಲ್ಲ ಅಳಿಸಿ ಒಂದೇ ಲೋಕವನ್ನು ಉಳಿಸಿಕೊಂಡರು. 1986ರಲ್ಲಿ ಸೂಪರ್‌ಮ್ಯಾನ್ ಮತ್ತೆ ಮೊದಲಿನಿಂದ ಹುಟ್ಟಿದ. ಪ್ರತಿಸರ್ಗವೆಂಬ ಹೆಸರನ್ನೇ ಕೇಳಿರದ ನ್ಯೂಯಾರ್ಕಿನ ಸಂಪಾದಕರು ಕಥೆಯ ಭಾರ ತಡೆಯಲಾರದೆ ಅದನ್ನೇ ಮಾಡಿದ್ದರು. ಹಲವು ಕೈಗಳು ಹಲವು ಕಾಲ ಒಂದೇ ಲೋಕವನ್ನು ಹೇಳುತ್ತಾ ಹೋದರೆ ಪ್ರಳಯ ಬೇಕಾಗುತ್ತದೆ ಎಂಬುದು ನನಗೆ ಈಗಲೂ ಬೆರಗಿನ ಸಂಗತಿ.

ಇನ್ನು ವೇಷದ ಮಾತು. ಹನುಮಂತನಿಗಿಂತ ಇಲ್ಲಿ ವಿರಾಟಪರ್ವ ಹತ್ತಿರ. ಅಡುಗೆಮನೆಯಲ್ಲಿ ವಲಲನಾಗಿ ಸೌಟು ಹಿಡಿದ ಭೀಮ, ನಾಟ್ಯಶಾಲೆಯಲ್ಲಿ ಬೃಹನ್ನಳೆಯಾಗಿ ರಾಜಕುಮಾರಿಗೆ ಕುಣಿತ ಕಲಿಸಿದ ಅರ್ಜುನ, ಇವರನ್ನು ನೆನೆದುಕೊಳ್ಳಿ. ಕನ್ನಡಕ ಹಾಕಿ, ಬೆನ್ನು ಬಗ್ಗಿಸಿ, ಪತ್ರಿಕಾ ಕಚೇರಿಯಲ್ಲಿ ಪುಕ್ಕಲನೆನಿಸಿಕೊಂಡು ಕೂತ ಕ್ಲಾರ್ಕ್ ಕೆಂಟ್, ಅಂದರೆ ವೇಷ ಮರೆಸಿಕೊಂಡ ಸೂಪರ್‌ಮ್ಯಾನ್, ಅವರ ಸಾಲಿನವನು. ಉತ್ತರಕುಮಾರನ ರಥ ಹೊಡೆಯುತ್ತಿದ್ದ ಬೃಹನ್ನಳೆ ಬನ್ನಿಮರದಿಂದ ಗಾಂಡೀವ ಇಳಿಸಿಕೊಳ್ಳುವ ಗಳಿಗೆಗೆ ಮೈ ನವಿರೇಳುತ್ತದಲ್ಲ, ಕ್ಲಾರ್ಕ್ ಅಂಗಿಯ ಗುಂಡಿ ಬಿಚ್ಚುವಾಗ ನಿಮ್ಮ ಮಗನಿಗೆ ಆಗುವುದೂ ಅದೇ. ಆದರೆ ಪಾಂಡವರ ಅಜ್ಞಾತವಾಸಕ್ಕೆ ಒಂದು ವರ್ಷದ ಗಡುವಿತ್ತು. ಕ್ಲಾರ್ಕ್‌ನದಕ್ಕೆ ಗಡುವಿಲ್ಲ. ಈ ವ್ಯತ್ಯಾಸಕ್ಕೆ ಮತ್ತೆ ಬರುತ್ತೇನೆ.

ಮೊದಲು ಅವನು ಹುಟ್ಟಿದ್ದು ಎಲ್ಲಿ ಎಂದು ನೋಡೋಣ. ಕ್ರಿಪ್ಟಾನ್ ಗ್ರಹದಲ್ಲಿ ಎಂದು ಕಥೆ ಹೇಳುತ್ತದೆ. ನಿಜವಾಗಿ ಹುಟ್ಟಿದ್ದು ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ಗ್ಲೆನ್‌ವಿಲ್ ಬಡಾವಣೆಯಲ್ಲಿ, 1930ರ ದಶಕದ ಆರ್ಥಿಕ ಕುಸಿತದ ನಡುವೆ. ಕಥೆ ಬರೆದ ಜೆರಿ ಸೀಗಲ್, ಚಿತ್ರ ಬರೆದ ಜೋ ಶುಸ್ಟರ್ ಇಬ್ಬರೂ 1914ರಲ್ಲಿ ಹುಟ್ಟಿದವರು, ಒಂದೇ ಹೈಸ್ಕೂಲಿನ ಗೆಳೆಯರು, ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. ಸೀಗಲ್‌ನ ತಂದೆ ಹಳೆಬಟ್ಟೆ ಅಂಗಡಿ ಇಟ್ಟಿದ್ದರು. 1932ರಲ್ಲಿ ಅಂಗಡಿಯಲ್ಲಿ ಕಳ್ಳತನ ನಡೆದ ಹೊತ್ತಿನಲ್ಲೇ ಅವರು ಕುಸಿದು ತೀರಿಕೊಂಡರು. ಮಗನಿಗೆ ಆಗ ಹದಿನೇಳು ವರ್ಷ. ಗುಂಡು ತಾಗದ ಮೈಯ ಕಲ್ಪನೆ ಬಂದದ್ದು ಅದರಿಂದಲೇ ಎಂದು ಎಷ್ಟೋ ಜನ ಹೇಳಿದ್ದಾರೆ. ನಾನು ಅಷ್ಟು ಖಚಿತವಾಗಿ ಹೇಳಲಾರೆ. ಆದರೆ ಆ ಹುಡುಗನ ವಯಸ್ಸನ್ನು ನೆನೆದಾಗ ಆ ಮಾತನ್ನು ತಳ್ಳಿಹಾಕುವುದಕ್ಕೂ ಮನಸ್ಸು ಬಾರದು.

ಹೊಳೆಯಲ್ಲಿ ತೇಲಿಬಂದ ಮಗು ಹಳೆಯ ಕಥೆಗಳಲ್ಲೆಲ್ಲ ಇದೆ. ಯಹೂದಿಗಳ ಮೋಸೆಸ್ ನೈಲ್ ನದಿಯಲ್ಲಿ, ನಮ್ಮ ಕರ್ಣ ಪೆಟ್ಟಿಗೆಯಲ್ಲಿ, ಅಕ್ಕಾಡಿನ ದೊರೆ ಸಾರ್ಗಾನ್ ಬುಟ್ಟಿಯಲ್ಲಿ. ಸಾಯುತ್ತಿರುವ ಗ್ರಹದಿಂದ ರಾಕೆಟ್ಟಿನಲ್ಲಿ ಬಂದ ಮಗು ಅದೇ ಕುಲದ್ದು. ಆ ಗ್ರಹದಲ್ಲಿ ಅವನಿಗೆ ಇಟ್ಟಿದ್ದ ಹೆಸರು ಕಾಲ್-ಎಲ್. ಹೀಬ್ರೂ ಭಾಷೆಯಲ್ಲಿ ಎಲ್ ಎಂದರೆ ದೇವರು, ಆದ್ದರಿಂದ ಸೀಗಲ್ ಗುಟ್ಟಾಗಿ ದೇವರನ್ನೇ ಇಟ್ಟಿದ್ದ ಎಂಬ ವಾದವನ್ನು ನೀವು ಓದಿರಬಹುದು. ಕೇಳಲು ಚೆಂದ. ಆದರೆ ಮೊದಲು ಅಚ್ಚಾದಾಗ ಆ ಹೆಸರಿನ ಕೊನೆಗೆ ಇದ್ದದ್ದು ಇಂಗ್ಲಿಷಿನ ಒಂದೇ ಅಕ್ಷರ. ಈಗಿನ ಕಾಗುಣಿತ ಬಂದದ್ದು ಆಮೇಲೆ, ಇನ್ನೊಬ್ಬ ಲೇಖಕನಿಂದ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವ ಸಂಗತಿ ಬೇರೆ. 1924ರಲ್ಲಿ ಅಮೆರಿಕ ಹೊಸ ಕಾನೂನು ತಂದು ಪೂರ್ವ ಯುರೋಪಿನ ವಲಸೆಗೆ ಬಾಗಿಲು ಹಾಕಿಬಿಟ್ಟಿತ್ತು. ಆ ಬಾಗಿಲು ಮುಚ್ಚುವ ಮುನ್ನ ಒಳಗೆ ಬಂದವರ ಮಕ್ಕಳು ಬರೆದ ಕಥೆಯಲ್ಲಿ, ಯಾವ ಕಾಗದಪತ್ರವೂ ಇಲ್ಲದ ಪರಲೋಕದ ಕೂಸನ್ನು ದಾರಿಯಲ್ಲಿ ಕಂಡವರು ಎತ್ತಿಕೊಳ್ಳುತ್ತಾರೆ. ಅದು ಬೆಳೆದು ಆ ನಾಡನ್ನೇ ಕಾಯುತ್ತದೆ.

1938ರ ಜೂನ್ ತಿಂಗಳ ಹೆಸರು ಹೊತ್ತು ಏಪ್ರಿಲ್‌ನಲ್ಲೇ ಅಂಗಡಿಗೆ ಬಂದ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆ, ಬೆಲೆ 10 ಸೆಂಟ್. ಅದರಲ್ಲಿ ಸೂಪರ್‌ಮ್ಯಾನ್ ಹೊಡೆದಾಡುವುದು ರಾಕ್ಷಸರ ಜೊತೆಗಲ್ಲ. ತಪ್ಪು ಮಾಡದ ಹೆಂಗಸೊಬ್ಬಳಿಗೆ ಮರಣದಂಡನೆ ಆಗಲಿದೆ. ರಾತ್ರಿಯಲ್ಲಿ ರಾಜ್ಯಪಾಲರ ಮನೆಯ ಬಾಗಿಲು ಮುರಿದು ನುಗ್ಗಿ ಅವಳನ್ನು ಉಳಿಸುತ್ತಾನೆ. ಹೆಂಡತಿಯನ್ನು ಬಡಿಯುತ್ತಿದ್ದ ಗಂಡನನ್ನು ಗೋಡೆಗೆ ಎಸೆಯುತ್ತಾನೆ. ಸೆನೆಟರ್ ಒಬ್ಬನ ಹಿಂದಿರುವ ದಲ್ಲಾಳಿಯನ್ನು ಹಿಡಿಯುತ್ತಾನೆ. ಮೂರನೆಯ ಸಂಚಿಕೆಯಲ್ಲಿ ಸುರಕ್ಷತೆ ಇಲ್ಲದ ಗಣಿಯ ಮಾಲೀಕನನ್ನೂ ಅವನ ಅತಿಥಿಗಳನ್ನೂ ಅದೇ ಗಣಿಯೊಳಗೆ ಸಿಕ್ಕಿಸಿ, ಕಾರ್ಮಿಕರು ಪಡುವ ಪಾಡು ತೋರಿಸುತ್ತಾನೆ. ಕಂಸಾಳೆಯವರು ಹಾಡುವ ಸಂಕಮ್ಮನ ಸಾಲು ಕೇಳಿದವರಿಗೆ ಈ ದನಿ ಪರಿಚಿತ. ಜೇನಿಗೆಂದು ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯ ಶೀಲದ ಮೇಲೆ ಅನುಮಾನಪಟ್ಟು ಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಅವಳನ್ನು ಹಿಂಸಿಸಿ, ಗುಡಿಸಲಲ್ಲಿ ಕೂಡಿಹಾಕಿ ಹೋಗುತ್ತಾನೆ. ಆ ಗುಡಿಸಲಿನ ಬಾಗಿಲಿಗೆ ಬರುವವನು ಮಾದಪ್ಪ. ಆ ಭಾಗ ಬಂದಾಗ ಕೇಳುತ್ತಾ ಕೂತ ಹೆಂಗಸರ ಮುಖ ನೋಡಬೇಕು. ನೊಂದವರ ಬಾಗಿಲಿಗೆ ಯಾರೂ ಬರದ ಕಾಲದಲ್ಲಿ ಒಬ್ಬ ಬರುತ್ತಾನೆ ಎಂಬ ಹಂಬಲ ಚಾಮರಾಜನಗರದ ಬೆಟ್ಟದಲ್ಲೂ ಇದೆ, ಕ್ಲೀವ್‌ಲ್ಯಾಂಡಿನ ಬಾಡಿಗೆ ಮನೆಯಲ್ಲೂ ಇತ್ತು. ನಿಮ್ಮ ಮಗ ಕಂಡ ಸತ್ಯ ಇದು. ಈ ಮಟ್ಟಿಗೆ ನಾನು ಅವನ ಪಕ್ಷ.

ಕಥೆ ಬೆಳೆದ ಬಗೆಯೂ ಪುರಾಣದ್ದೇ. ಲಕ್ಷ್ಮಣರೇಖೆ ವಾಲ್ಮೀಕಿಯಲ್ಲಿ ಇಲ್ಲ. ಹೇಳುವವರ ಬಾಯಲ್ಲಿ ಬಂದು ಸೇರಿಕೊಂಡಿತು, ಈಗ ಅದಿಲ್ಲದ ರಾಮಾಯಣವನ್ನು ನಮ್ಮ ಮಕ್ಕಳು ಒಪ್ಪುವುದಿಲ್ಲ. ಹಾಗೆಯೇ 1938ರ ಸೂಪರ್‌ಮ್ಯಾನ್ ಹಾರುತ್ತಿರಲಿಲ್ಲ. ಮೈಲಿಯ ಎಂಟನೇ ಒಂದು ಭಾಗ, ಅಂದರೆ ಸುಮಾರು 200 ಮೀಟರ್ ದೂರ ಜಿಗಿಯುತ್ತಿದ್ದ, ಅಷ್ಟೆ. 1940ರಲ್ಲಿ ಶುರುವಾದ ರೇಡಿಯೊ ಧಾರಾವಾಹಿ, 1941ರಿಂದ ಬಂದ ಅನಿಮೇಷನ್ ಚಿತ್ರಗಳು ಇವೆಲ್ಲದರ ನಡುವೆ ಜಿಗಿತ ಹಾರಾಟವಾಯಿತು. ಅವನ ಶಕ್ತಿ ಕುಂದಿಸುವ ಹಸಿರು ಕಲ್ಲು ಕ್ರಿಪ್ಟೊನೈಟ್ ಮೊದಲು ಕೇಳಿಬಂದದ್ದು 1943ರಲ್ಲಿ, ರೇಡಿಯೊದಲ್ಲಿ. ಕಾಮಿಕ್ಸ್ ಪುಟಕ್ಕೆ ಅದು ಬಂದದ್ದು 1949ರಲ್ಲಿ. ಪತ್ರಿಕೆಯ ಸಂಪಾದಕ ಪೆರಿ ವೈಟ್ ಕೂಡ ರೇಡಿಯೊದಿಂದ ಇಳಿದು ಬಂದವನು. ಅದೇ ರೇಡಿಯೊ 1946ರಲ್ಲಿ ಸೂಪರ್‌ಮ್ಯಾನ್‌ನನ್ನು ಮುಸುಕುಧಾರಿ ಜನಾಂಗದ್ವೇಷಿಗಳ ಕೂಟದ ಎದುರು ನಿಲ್ಲಿಸಿತು. ಆ ಕಥೆಯಲ್ಲಿ ಅವನು ಕಾಯುವುದು ಒಂದು ಚೀನೀ ಅಮೆರಿಕನ್ ಕುಟುಂಬವನ್ನು. ಕು ಕ್ಲಕ್ಸ್ ಕ್ಲಾನ್ ಎಂಬ ಅಂಥದೇ ನಿಜವಾದ ಕೂಟ ಇನ್ನೂ ಜೀವಂತವಾಗಿದ್ದ ನಾಡಿನಲ್ಲಿ ಮಕ್ಕಳ ಕಾರ್ಯಕ್ರಮವೊಂದು ಅಷ್ಟು ನೇರವಾಗಿ ಮಾತಾಡಿದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಇಷ್ಟೆಲ್ಲ ಹೋಲಿಕೆಗಳಾದ ಮೇಲೆ ನಿಮ್ಮ ಮಾವನವರ ಮಾತಿಗೆ ಬರುತ್ತೇನೆ. ‘ಅಂಗಡಿಯಲ್ಲಿ ಮಾರೋ ಗೊಂಬೆ’ ಎಂದರಲ್ಲ, ಗೊಂಬೆ ಮಾರುವುದರಲ್ಲಿ ದೋಷವೇನಿಲ್ಲ. ಚನ್ನಪಟ್ಟಣದಲ್ಲಿ ದೇವರ ಗೊಂಬೆಯೂ ಮಾರಾಟಕ್ಕಿದೆ, ಜಾತ್ರೆಯಲ್ಲಿ ದೇವರ ಪಟವೂ ಮಾರಾಟಕ್ಕಿದೆ. ಆದರೆ ಹನುಮಂತನ ಗೊಂಬೆ ಮಾಡುವವನು ಯಾರನ್ನೂ ಅಪ್ಪಣೆ ಕೇಳಬೇಕಿಲ್ಲ. ಸೂಪರ್‌ಮ್ಯಾನ್ ಗೊಂಬೆ ಮಾಡುವವನು ಕೇಳಬೇಕು.

1938ರ ಮಾರ್ಚ್‌ನಲ್ಲಿ ಸೀಗಲ್ ಮತ್ತು ಶುಸ್ಟರ್ ತಮ್ಮ ವೀರನ ಎಲ್ಲ ಹಕ್ಕನ್ನೂ ಪ್ರಕಾಶಕರಿಗೆ ಬರೆದುಕೊಟ್ಟರು. ಹದಿಮೂರು ಪುಟಕ್ಕೆ ಸಿಕ್ಕಿದ್ದು 130 ಡಾಲರ್. ವೀರ ಲೋಕಪ್ರಸಿದ್ಧನಾದ, ಅವರು ಬಡವರಾದರು. ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋದ ಮೇಲೆ ಅವರ ಹೆಸರನ್ನೇ ಕಥೆಯಿಂದ ತೆಗೆಯಲಾಯಿತು. ಶುಸ್ಟರ್‌ನ ಕಣ್ಣು ಮಂಜಾಯಿತು. 1975ರಲ್ಲಿ, ಸೂಪರ್‌ಮ್ಯಾನ್‌ನ ದೊಡ್ಡ ಸಿನಿಮಾ ತಯಾರಾಗುತ್ತಿದ್ದಾಗ, ಸೀಗಲ್ ತನ್ನ ಸಂಕಟವನ್ನು ಬಹಿರಂಗವಾಗಿ ಬರೆದು ಹಂಚಿದ. ಪತ್ರಿಕೆಗಳು ಎತ್ತಿಕೊಂಡ ಮೇಲೆ ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಮತ್ತು ಕಥೆಯ ಮೇಲೆ ಅವರ ಹೆಸರು, ಇಷ್ಟನ್ನು ಕಂಪನಿ ಒಪ್ಪಿತು. ಬ್ಯಾಟ್‌ಮ್ಯಾನ್‌ನ ರೂಪಕ್ಕೂ ಕಥೆಗಳಿಗೂ ಬಹುಪಾಲು ಕಾರಣನಾದ ಬಿಲ್ ಫಿಂಗರ್‌ಗೆ ಹೆಸರು ಸಿಕ್ಕಿದ್ದು 2015ರಲ್ಲಿ. ಅವನು ತೀರಿಕೊಂಡು ನಾಲ್ಕು ದಶಕ ಕಳೆದಿತ್ತು. ನಮ್ಮ ಜನಪದ ಕಾವ್ಯಗಳಿಗೂ ಕರ್ತೃವಿನ ಹೆಸರಿಲ್ಲ. ಅಲ್ಲಿ ಹೆಸರಿಲ್ಲ, ಏಕೆಂದರೆ ಕಥೆ ಎಲ್ಲರದ್ದು. ಇಲ್ಲಿ ಹೆಸರನ್ನು ಅಳಿಸಿದ್ದು ಕಥೆ ಒಬ್ಬನದೇ ಆಗಿ ಉಳಿಯಲೆಂದು.

ಇನ್ನೊಂದು ಪ್ರಸಂಗ ಹೇಳಲೇಬೇಕು. 1940ರಲ್ಲಿ ಫಾಸೆಟ್ ಎಂಬ ಕಂಪನಿ ಕ್ಯಾಪ್ಟನ್ ಮಾರ್ವೆಲ್ ಎಂಬ ವೀರನನ್ನು ತಂದಿತು. ಬಿಲ್ಲಿ ಬ್ಯಾಟ್ಸನ್ ಎಂಬ ಅನಾಥ ಹುಡುಗ ‘ಶಜಾಮ್’ ಎಂದರೆ ಸಾಕು, ಮಿಂಚು ಹೊಡೆದು ಮಹಾವೀರನಾಗುತ್ತಾನೆ. ಸಾಲೊಮನ್, ಹರ್ಕ್ಯುಲಿಸ್, ಅಟ್ಲಾಸ್, ಜ್ಯೂಸ್, ಅಕಿಲೀಸ್, ಮರ್ಕ್ಯುರಿ ಈ ಆರು ಹೆಸರುಗಳ ಮೊದಲಕ್ಷರ ಸೇರಿ ಆದ ಮಂತ್ರ ಅದು. ದೂರ್ವಾಸರು ಕುಂತಿಗೆ ಕೊಟ್ಟ ಮಂತ್ರವನ್ನು ಬಲ್ಲ ನಮಗೆ ಇದು ಪೂರಾ ಪುರಾಣದ ಭಾಷೆ. ಮಕ್ಕಳಿಗೂ ಬಹಳ ಹಿಡಿಸಿತು. 1940ರ ದಶಕದಲ್ಲಿ ಅದರ ಮಾರಾಟ ಸೂಪರ್‌ಮ್ಯಾನ್‌ನದನ್ನೇ ಮೀರಿತ್ತು. ನಮ್ಮ ವೀರನ ನಕಲು ಎಂದು ಸೂಪರ್‌ಮ್ಯಾನ್‌ನ ಒಡೆಯರು ದಾವೆ ಹೂಡಿದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ ವ್ಯಾಜ್ಯ ಮುಗಿದು 1953ರಲ್ಲಿ ಫಾಸೆಟ್ ಆ ಕಥೆಗಳನ್ನೇ ನಿಲ್ಲಿಸಿತು. ಸುಮಾರು ಎರಡು ದಶಕ ಆ ಹುಡುಗನ ಬಾಯಿ ಕಟ್ಟಿತ್ತು. ಕೊನೆಗೆ 1972ರಲ್ಲಿ ದಾವೆ ಹೂಡಿದ್ದ ಡಿಸಿ ಕಂಪನಿಯೇ ಪರವಾನಗಿ ಪಡೆದು ಅವನನ್ನು ಮತ್ತೆ ತಂದಿತು.

ಇದನ್ನು ನಮ್ಮ ಕಡೆಯ ಕಥೆಯ ಬಾಳಿನ ಪಕ್ಕದಲ್ಲಿಟ್ಟು ನೋಡಿ. 941ರ ಸುಮಾರಿಗೆ ಪಂಪ ಭಾರತವನ್ನು ಕನ್ನಡಕ್ಕೆ ತಂದಾಗ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದಾಗಿಸಿದ. ಅದಕ್ಕಾಗಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಹೆಂಡತಿಯಾಗಿ ಮಾಡಿದ. ಐವರ ಹೆಂಡತಿ ಎಂಬ ಭಾರತದ ನಡುಗಂಬವನ್ನೇ ಅಲ್ಲಾಡಿಸಿದ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಕುಮಾರವ್ಯಾಸನ ಕಾಲಕ್ಕೆ ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕುವಷ್ಟಾಗಿತ್ತು. ಇವರಲ್ಲಿ ಒಬ್ಬರಿಗೂ ವ್ಯಾಸ, ವಾಲ್ಮೀಕಿಯರ ಕಡೆಯಿಂದ ನೋಟಿಸು ಬರಲಿಲ್ಲ. ತಾಳಮದ್ದಳೆಯ ಅರ್ಥಧಾರಿಗಳನ್ನು ಕೇಳಿ ನೋಡಿ. ಪ್ರಸಂಗದ ಪದ್ಯ ಒಂದೇ, ಅದೇ ಭಾಗವತರು, ಆದರೆ ಇಂದಿನ ಕರ್ಣ ನಿನ್ನೆಯ ಕರ್ಣನಲ್ಲ. ರಾವಣನ ಪಾತ್ರ ವಹಿಸಿದವನು ರಾವಣನ ಪರವಾಗಿ ರಾಮನನ್ನು ನಿರುತ್ತರಗೊಳಿಸಬಹುದು. ಸಭೆ ಚಪ್ಪಾಳೆ ತಟ್ಟಿ ಬೆಳಗ್ಗೆ ರಾಮನ ಗುಡಿಗೂ ಹೋಗುತ್ತದೆ. ಅಮೆರಿಕದ ಓದುಗರೂ ಹೀಗೆ ಹಗಲುರಾತ್ರಿ ವಾದಿಸುತ್ತಾರೆ, ತಮ್ಮದೇ ಸೂಪರ್‌ಮ್ಯಾನ್ ಕಥೆ ಬರೆದು ಹಂಚಿಕೊಳ್ಳುತ್ತಾರೆ. ಆದರೆ ಅವರಲ್ಲಿ ಪಂಪನಂಥವನೇ ಇದ್ದರೂ ಅವನ ಕಥೆ ‘ಅಧಿಕೃತ’ ಆಗದು. ಯಾವುದು ನಡೆದದ್ದು, ಯಾವುದು ನಡೆಯದ್ದು ಎಂದು ತೀರ್ಮಾನಿಸುವುದು ಒಂದು ಕಚೇರಿ.

ನಾರ್ಡಿಕ್ ದೇವತೆ ಥಾರ್‌ನ ಉದಾಹರಣೆಯಲ್ಲಿ ಇದು ಕನ್ನಡಿಯಷ್ಟು ಸ್ಪಷ್ಟ. ಹಳೆಯ ಕಥೆಗಳ ಥಾರ್ ಕೆಂಪು ಗಡ್ಡದವನು, ಯಾರ ಸ್ವತ್ತೂ ಅಲ್ಲ. 1962ರಲ್ಲಿ ಮಾರ್ವೆಲ್ ಕಂಪನಿ ಅವನನ್ನು ಹೊಂಗೂದಲಿನ, ಗಡ್ಡ ಬೋಳಿಸಿದ ವೀರನನ್ನಾಗಿ ಮಾಡಿತು. ಆ ಹೊಂಗೂದಲಿನವನಿಗೆ ಒಡೆಯರಿದ್ದಾರೆ, ಕೆಂಪು ಗಡ್ಡದವನಿಗೆ ಇವತ್ತಿಗೂ ಇಲ್ಲ.

ಒಡೆತನದಿಂದ ಕಥೆಗೆ ಆಗುವ ದೊಡ್ಡ ಕೇಡು ಹಣದ್ದಲ್ಲ, ಸಾವಿನದ್ದು. ಇಟಲಿಯ ವಿದ್ವಾಂಸ ಉಂಬರ್ಟೊ ಎಕೊ 1962ರಲ್ಲಿ ಸೂಪರ್‌ಮ್ಯಾನ್ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನು ಮೊದಲು ಗುರುತಿಸಿದ. ಹಳೆಯ ಪುರಾಣದ ವೀರನ ಕಥೆ ಮುಗಿದಿದೆ. ಮುಗಿದಿದೆ ಎಂದು ಗೊತ್ತಿದ್ದೇ ನಾವು ಕೇಳುತ್ತೇವೆ. ಸೂಪರ್‌ಮ್ಯಾನ್ ಹಾಗಲ್ಲ, ಮುಂದಿನ ತಿಂಗಳೂ ಮಾರಾಟವಾಗಬೇಕು. ಅವನು ಮದುವೆಯಾದರೆ, ಮಕ್ಕಳಾದರೆ, ವಯಸ್ಸಾದರೆ ಸಾವಿನ ಕಡೆಗೆ ಒಂದು ಹೆಜ್ಜೆ ಇಟ್ಟಂತೆ. ಆದ್ದರಿಂದ ಅವನ ಸುತ್ತ ಕಾಲವನ್ನು ಕನಸಿನ ಹಾಗೆ ಮಸುಕಾಗಿ ಇಡಬೇಕಾಗುತ್ತದೆ. ಕ್ಲಾರ್ಕ್‌ನ ಅಜ್ಞಾತವಾಸಕ್ಕೆ ಗಡುವು ಇಲ್ಲದ್ದು ಇದಕ್ಕೇ. 1992ರ ನವೆಂಬರ್‌ನಲ್ಲಿ ಅವನನ್ನು ಕೊಂದರು. ಜನ ಅಂಗಡಿಗಳ ಮುಂದೆ ಸಾಲು ನಿಂತರು, ಲಕ್ಷಾಂತರ ಪ್ರತಿ ಖರ್ಚಾಯಿತು. ಮರುವರ್ಷ ಅವನು ಎದ್ದುಬಂದ. ಅವನು ಸತ್ತ ಸಂಚಿಕೆಯ ಕೊನೆಯ ಪುಟದಲ್ಲಿ ಅವನನ್ನು ತಬ್ಬಿ ಅಳುವ ಪ್ರೇಯಸಿ ಲೋಯಿಸ್ ಲೇನ್‌ಳನ್ನು ನೋಡಿ ನನಗೂ ಗಂಟಲು ಕಟ್ಟಿತ್ತು. ಅವನು ಎದ್ದು ಬಂದಾಗ ಆ ಅಳುವನ್ನು ಯಾರೋ ನನ್ನಿಂದ ಕಸಿದುಕೊಂಡಂತೆ ಆಯಿತು.

ನಮ್ಮೂರುಗಳ ವೀರಗಲ್ಲು ನೋಡಿದ್ದೀರಲ್ಲ. ಕೆಳಗಿನ ಅಂತಸ್ತಿನಲ್ಲಿ ಯುದ್ಧ, ನಡುವೆ ಅಪ್ಸರೆಯರು ಕೈಹಿಡಿದು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಕೂತ ವೀರ. ನಡುವಿನ ಅಂತಸ್ತು ಇಲ್ಲದೆ ಮೇಲಿನದು ಇಲ್ಲ. ತುಳುನಾಡಿನ ಕೋಟಿ ಚೆನ್ನಯರು ಕಾದಿ ಬಿದ್ದ ಮೇಲೆಯೇ ದೈವಗಳಾದರು, ಗರಡಿಗಳಲ್ಲಿ ನೆಲೆಗೊಂಡರು. ಪಾಂಡವರು ಹಿಮಾಲಯದ ದಾರಿಯಲ್ಲಿ ಒಬ್ಬೊಬ್ಬರಾಗಿ ಬೀಳುತ್ತಾರೆ. ಕೃಷ್ಣನೂ ಬೇಡನ ಬಾಣಕ್ಕೆ ಕಾಲು ಒಡ್ಡುತ್ತಾನೆ. ಕೇಳಿದವರು ಅತ್ತು, ಆ ಅಳುವನ್ನು ಮನೆಗೆ ಒಯ್ಯುತ್ತಾರೆ.

ಹನುಮಂತ ಚಿರಂಜೀವಿಯಲ್ಲವೇ ಎಂದು ನಿಮ್ಮ ಮಗ ಕೇಳಬಹುದು. ಕೇಳಲಿ, ಬಹಳ ಒಳ್ಳೆಯ ಪ್ರಶ್ನೆ. ಅವನು ರಾಮನಲ್ಲಿ ಬೇಡಿಕೊಂಡ ವರ ಏನೆಂದು ಮಾವನವರೇ ಹೇಳಿಯಾರು: ಲೋಕದಲ್ಲಿ ಎಲ್ಲಿಯವರೆಗೆ ರಾಮಕಥೆ ನಡೆಯುತ್ತದೋ ಅಲ್ಲಿಯವರೆಗೆ ನನ್ನ ಪ್ರಾಣ ಈ ದೇಹದಲ್ಲಿರಲಿ. ಅವನ ಆಯುಷ್ಯವನ್ನು ಹೇಳುವವರ ಬಾಯಿಗೆ ಕಟ್ಟಲಾಗಿದೆ. ಯಾವ ಬಾಯಾದರೂ ಸರಿ. ಅಜ್ಜಿ ಹೇಳಿದರೂ, ಹಳ್ಳಿಯ ಭಜನೆಮನೆಯಲ್ಲಿ ಹಾಡಿದರೂ, ಕಾಮಿಕ್ಸ್‌ನಲ್ಲಿ ಬರೆದರೂ ಅವನು ಬದುಕುತ್ತಾನೆ. ಸೂಪರ್‌ಮ್ಯಾನ್ ಮತ್ತು ಹನುಮಂತನ ನಡುವೆ ಗೆರೆ ಎಳೆಯಬೇಕಾದರೆ ನಾನು ಎಳೆಯುವುದು ಇಲ್ಲಿ. ಬಲ ಇಬ್ಬರಿಗೂ ಇದೆ, ಹಾರಾಟ ಇಬ್ಬರಿಗೂ ಇದೆ. ಹನುಮಂತ ಸೂರ್ಯನನ್ನು ಹಣ್ಣೆಂದು ಹಿಡಿಯಹೋದ, ಸೂಪರ್‌ಮ್ಯಾನ್‌ನ ಶಕ್ತಿಯೂ ಸೂರ್ಯನಿಂದಲೇ ಬರುತ್ತದೆ ಎಂದು ಆಮೇಲಿನ ಕಥೆಗಳು ಹೇಳಿದವು.

ಕಾಮಿಕ್ಸ್ ಎಂದೆನಲ್ಲ, ಒಂದು ಮಾತು ನೆನಪಾಯಿತು. ಈ ಎರಡು ಲೋಕಗಳನ್ನು ನಮ್ಮ ದೇಶದಲ್ಲಿ ಬೆಸೆದವರು ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ. 1964ರಲ್ಲಿ ಇಂದ್ರಜಾಲ್ ಕಾಮಿಕ್ಸ್ ಮೂಲಕ ಫ್ಯಾಂಟಮ್ ಭಾರತಕ್ಕೆ ಬಂದಾಗ ಆ ಕೆಲಸದಲ್ಲಿ ಅವರಿದ್ದರು. 1967ರಲ್ಲಿ ದೆಹಲಿಯ ದೂರದರ್ಶನದ ಕ್ವಿಜ್ ಒಂದರಲ್ಲಿ ಗ್ರೀಕ್ ದೇವತೆಗಳ ಬಗ್ಗೆ ಉತ್ತರಿಸಿದ ಮಕ್ಕಳು ರಾಮನ ತಾಯಿ ಯಾರೆಂದು ಹೇಳಲಾರದೆ ಹೋದದ್ದನ್ನು ಕಂಡು ಮನಸ್ಸಿಗೆ ಹಚ್ಚಿಕೊಂಡರು. ಅಮರ ಚಿತ್ರ ಕಥೆ ಹುಟ್ಟಿತು. ನನ್ನ ಓರಗೆಯ ಎಷ್ಟೋ ಮಂದಿ ಅಭಿಮನ್ಯುವನ್ನು ಮೊದಲು ಕಂಡದ್ದು ಆ ಪುಟಗಳಲ್ಲಿ. ಶಕ್ತಿಮಾನ್‌ನ ಮುಖವೂ ಹೀಗೇ. 1997ರಲ್ಲಿ ಕೆಂಪು ದಿರಿಸು ತೊಟ್ಟು ಬಂದ ಮುಕೇಶ್ ಖನ್ನಾ ಅದಕ್ಕೂ ಮೊದಲು ಟಿವಿಯ ಮಹಾಭಾರತದ ಭೀಷ್ಮ. ನಮ್ಮ ಮಕ್ಕಳಿಗೆ ಈ ಎರಡು ಮನೆಗಳ ನಡುವೆ ಹಿತ್ತಲ ಬಾಗಿಲು ಯಾವತ್ತೂ ತೆರೆದೇ ಇತ್ತು.

ಪೂಜೆ ಇಲ್ಲವಲ್ಲ, ಹರಕೆ ಇಲ್ಲವಲ್ಲ ಎಂದು ಮಾವನವರು ಹೇಳಿದರೆ ಅದೂ ಸರಿ. ಕಂಸಾಳೆ ಹಿಡಿಯುವವನು ದೀಕ್ಷೆ ಪಡೆದಿರುತ್ತಾನೆ. ಅವನಿಗೆ ಕಥೆ ಹೇಳುವುದು ಸೇವೆ. ಆದರೆ ಅಮೆರಿಕದಲ್ಲೂ ಜನ ತಮಗೆ ತಿಳಿದ ಮಟ್ಟಿಗೆ ಸ್ಥಳಪುರಾಣ ಕಟ್ಟಿಕೊಂಡಿದ್ದಾರೆ. ಇಲಿನಾಯ್ ರಾಜ್ಯದ ಮೆಟ್ರೊಪೊಲಿಸ್ ಎಂಬ ಪುಟ್ಟ ಊರು, ಕಥೆಯ ನಗರಕ್ಕೂ ತನಗೂ ಒಂದೇ ಹೆಸರು ಎಂಬ ಕಾರಣಕ್ಕೆ, 1972ರಿಂದ ತಾನೇ ಸೂಪರ್‌ಮ್ಯಾನ್‌ನ ಊರು ಎನ್ನುತ್ತದೆ. ಅಲ್ಲಿ ಅವನ ಎತ್ತರದ ವಿಗ್ರಹವಿದೆ, ಪ್ರತಿ ಜೂನ್‌ನಲ್ಲಿ ಜಾತ್ರೆಯಂಥ ಉತ್ಸವ ನಡೆಯುತ್ತದೆ. ಕ್ಲೀವ್‌ಲ್ಯಾಂಡಿನಲ್ಲಿ ಸೀಗಲ್ ಬೆಳೆದ ಮನೆಯನ್ನು ಅಭಿಮಾನಿಗಳು ಹಣ ಕೂಡಿಸಿ 2009ರಲ್ಲಿ ದುರಸ್ತಿ ಮಾಡಿಸಿದರು. ಶುಸ್ಟರ್ ಇದ್ದ ಕಟ್ಟಡ ಈಗಿಲ್ಲ; ಆ ಜಾಗದ ಬೇಲಿಗೆ ಮೊದಲ ಸಂಚಿಕೆಯ ಪುಟಗಳನ್ನು ದೊಡ್ಡ ಫಲಕಗಳಾಗಿ ಮಾಡಿ ಹಾಕಿದ್ದಾರೆ. ಆ ಬೇಲಿಯ ವಿಚಾರ ನನ್ನ ಮನಸ್ಸಿಗೆ ಹತ್ತಿರ. ಕಂಪನಿಯ ಆಜ್ಞೆಯಿಂದ ಆದದ್ದಲ್ಲ ಅದು, ಕಥೆಯನ್ನು ತಮ್ಮದೆಂದು ತಿಳಿದವರು ಮಾಡಿದ ಕೆಲಸ.

ಹಾಗಾದರೆ ಮಗನಿಗೆ ಏನು ಹೇಳುವುದು? ಅವನ ಹೋಲಿಕೆ ತಪ್ಪಲ್ಲ ಎಂದು ಹೇಳಿ. ಸೂಪರ್‌ಮ್ಯಾನ್ ಪುರಾಣದ ವಸ್ತುವಿನಿಂದ ಮಾಡಿದವನು, ಆದರೆ ಅವನ ಕಥೆಗೆ ಬೀಗ ಹಾಕಿದೆ ಎನ್ನಿ. ಆ ಬೀಗ ತೆರೆಯುವ ದಿನವೂ ಗೊತ್ತಾಗಿದೆ ಎಂದು ತಿಳಿಸಿ. ಅಮೆರಿಕದ ಕಾನೂನಿನಲ್ಲಿ ಆ ಕಾಲದ ಪ್ರಕಟಣೆಗಳ ಹಕ್ಕು 95 ವರ್ಷ. 1938ರ ಸೂಪರ್‌ಮ್ಯಾನ್ 2034ರ ಜನವರಿ 1ರಂದು ಅಲ್ಲಿ ಸಾರ್ವಜನಿಕ ಸ್ವತ್ತಾಗುತ್ತಾನೆ. ಬ್ಯಾಟ್‌ಮ್ಯಾನ್ ಅದರ ಮರುವರ್ಷ. ಬಿಡುಗಡೆಯಾಗುವವನು ಮೊದಲ ಸಂಚಿಕೆಗಳ ಸೂಪರ್‌ಮ್ಯಾನ್ ಮಾತ್ರ. ಹಾರಾಟ, ಕ್ರಿಪ್ಟೊನೈಟ್ ಎಲ್ಲ ಆಮೇಲೆ ಒಂದೊಂದಾಗಿ. ಹೆಸರು, ಎದೆಯ ಗುರುತುಗಳ ಮೇಲಿನ ವ್ಯಾಪಾರಚಿಹ್ನೆಯ ಹಕ್ಕು ಕಂಪನಿಯ ಬಳಿ ಉಳಿಯಬಹುದು. ಅಂದರೆ ಹೊರಗೆ ಬರುವವನು ಹಾರಲಾರದ, ಬರೇ ಜಿಗಿಯುವ, ಹೆಂಡತಿಯನ್ನು ಬಡಿಯುವವನನ್ನು ಗೋಡೆಗೆ ಎಸೆಯುವ, ಗಣಿಯ ಮಾಲೀಕನನ್ನು ಗಣಿಗೆ ಇಳಿಸುವ ಆ ಹಳೆಯ ವೀರ.

ಆ ಹೊತ್ತಿಗೆ ನಿಮ್ಮ ಮಗ ಕಾಲೇಜಿನಲ್ಲಿರುತ್ತಾನೆ. ಅಷ್ಟರವರೆಗೆ ಕಾಯಬೇಕಿಲ್ಲ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಹನುಮಂತನ ಆ ವರದ ಕಥೆಯನ್ನು ತಾತನ ಬಾಯಿಂದ ಹೇಳಿಸಿ. ಆಮೇಲೆ ಹುಡುಗನನ್ನು ಕೇಳಿ: ಕ್ಲಾರ್ಕ್ ಕೆಂಟ್‌ನ ಅಜ್ಞಾತವಾಸ ಮುಗಿಸುವ ಅಧ್ಯಾಯ ನಿನ್ನ ಪಾಲಿಗೆ ಬಂದರೆ ಹೇಗೆ ಮುಗಿಸುತ್ತೀಯ? ಅವನ ಉತ್ತರವನ್ನು ತಾತನೂ ಕೇಳಿಸಿಕೊಳ್ಳಲಿ. ಸಾಧ್ಯವಾದರೆ ನನಗೂ ಬರೆದು ಕಳಿಸಿ.